ರದ್ದಿಗೊಂದು ಮೂಟೆ ಉಪ್ಪು

ಕಾಗದಕ್ಕೆ ಉಪ್ಪು ಹಾಕಿದವನು ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು. ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದವರು, ಸಕ್ಕರೆ ಅಂತ ಚಹಾಕ್ಕೆ ಉಪ್ಪು ಹಾಕಿದವರು ಎಲ್ಲ ಮನೆಯಲ್ಲೂ ಸಿಗುತ್ತಾರೆ. ಅವರನ್ನೆಲ್ಲ ನಾನು ಇನ್ನೂ ಕಲಿಯುತ್ತಿರುವವರು ಅಂತ ಕ್ಷಮಿಸಿದ್ದೇನೆ. ನಾನು ಹಾಕಿದ್ದು ಹಳೆ ಪೇಪರಿನ ಬೇಲುಗಳಿಗೆ. ಅದೂ ಚಿಟಿಕೆಯಲ್ಲ, ಅವ್ವ ಉಪ್ಪಿನಕಾಯಿ ಹಾಕಲೆಂದು ಬೇಗಂ ಬಜಾರಿನಿಂದ ತಂದಿಟ್ಟಿದ್ದ ಒಂದಿಡೀ ಮೂಟೆ ಹರಳುಪ್ಪು. ಹಸಿ ಕಾಗದ ಒಣಗಲಿ, ಅಪ್ಪ ನನ್ನನ್ನು ಹೊಗಳಲಿ, ತಂಗಿಯ ಮುಖ ಸಣ್ಣದಾಗಲಿ ಅಂತ ಹಾಕಿದೆ. ಈ ಮೂರರಲ್ಲಿ ಒಂದೂ ಆಗಲಿಲ್ಲ. ಆ ದಿನಗಳಲ್ಲಿ ನನ್ನ ಹೊಟ್ಟೆಯೊಳಗೆ ಉರಿಯುತ್ತಿದ್ದ ಕಿಚ್ಚಿನ ಮುಂದೆ ಬೇಲುಗಳನ್ನು ಸಾಲಾಗಿ ಇಟ್ಟಿದ್ದರೂ ಒಣಗುತ್ತಿದ್ದವು. ಆದರೆ ಅಷ್ಟು ಸರಳ ಉಪಾಯ ನನಗೆ ಹೊಳೆಯಲಿಲ್ಲ.

ನಮ್ಮ ಮನೆ ತೆಲುಗು ನಾಡಿನ ಲಿಂಗಂಪಲ್ಲಿಯಲ್ಲಿ, ರೈಲು ಹಳಿಯ ಆಚೆ, ಮಳೆ ಬಂದರೆ ಆಟೋದವರು ಬರಲು ಒಪ್ಪದ ಗಲ್ಲಿಯಲ್ಲಿತ್ತು. ಮನೆ ಅಂದೆ, ತಪ್ಪಾಯಿತು. ಅದು ರದ್ದಿ ಗೋಡೌನು, ಅದರ ಹಿಂದೆ ನಾವು. ಅಪ್ಪ ಲಿಂಗಸುಗೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವನು. ಸಿಮೆಂಟು ಹೊತ್ತು ಸಾಕಾಗಿ ತಳ್ಳುಗಾಡಿ ಹಿಡಿದು ಹಳೆ ಪೇಪರು ಕೊಂಡ, ಆಮೇಲೆ ಈ ಗೋಡೌನು ಬಾಡಿಗೆಗೆ ಹಿಡಿದ. ಗಾಡಿಯವರು ತಂದು ಸುರಿದ ಕಾಗದವನ್ನು ಬಿಡಿಸಿ, ನ್ಯೂಸ್ ಪೇಪರು ಬೇರೆ, ನೋಟುಬುಕ್ಕು ಬೇರೆ, ರಟ್ಟಿನ ಡಬ್ಬಿ ಬೇರೆ ಮಾಡಿ, ಪ್ರೆಸ್ಸಿಗೆ ಹಾಕಿ ಒತ್ತಿ, ತಂತಿ ಬಿಗಿದರೆ ಒಂದು ಬೇಲು. ಎತ್ತರ ನನ್ನ ಎದೆಯವರೆಗೆ, ತೂಕ ನಾಲ್ಕು ನನ್ನಷ್ಟು. ಈ ಬೇಲುಗಳ ಮೇಲೆ ಕಾಂಕ್ರೀಟಿನ ಮಾಳಿಗೆ, ನಮ್ಮ ಮೇಲೆ ಸಿಮೆಂಟು ಶೀಟು. ಬೇಲುಗಳ ಕೆಳಗೆ ನೆಲದ ತಂಪು ತಾಗದಂತೆ ಕಟ್ಟಿಗೆಯ ಹಲಗೆ, ನಮ್ಮ ಕೆಳಗೆ ಚಾಪೆ. ಗೋಡೆಗೂ ಬೇಲಿಗೂ ನಡುವೆ ಗಾಳಿ ಆಡಲೆಂದು ಒಬ್ಬ ಮನುಷ್ಯ ನಡೆಯುವಷ್ಟು ಜಾಗ ಬಿಟ್ಟಿದ್ದ ಅಪ್ಪ. ಹಿಂದಿನ ಕೋಣೆಯಲ್ಲಿ ನನಗೂ ತಂಗಿಗೂ ನಡುವೆ ಗಾಳಿಗೆ ಅಂತ ಬೆರಳಿನಷ್ಟೂ ಜಾಗ ಇರಲಿಲ್ಲ. ಮಳೆಗಾಲದಲ್ಲಿ ನಮ್ಮ ಶೀಟು ಸೋರಿದ ಕಡೆಯೆಲ್ಲ ಅವ್ವ ಗಂಗಾಳ, ಚರಿಗೆ, ಬೋಗುಣಿ ಇಡುತ್ತಿದ್ದಳು. ಊಟಕ್ಕೆ ಗಂಗಾಳ ಬೇಕಾದರೆ ಮಳೆ ನಿಲ್ಲುವವರೆಗೆ ಕಾಯಬೇಕಿತ್ತು.

"ನಿಮ್ಮ ರದ್ದಿಗಿ ಪಲ್ಲಂಗ, ನನ್ನ ಮಕ್ಕಳಿಗಿ ಚಾಪಿ. ಮುಂದಿನ ಜನ್ಮಕ್ಕ ನಾನೂ ಹಳಿ ಪೇಪರ್ ಆಗಿ ಹುಟ್ತೀನ್ರಿ, ಆವಾಗಾದ್ರೂ ನೋಡ್ತೀರಿ ನನ್ನ" ಅನ್ನುತ್ತಿದ್ದಳು ಅವ್ವ.

"ಹುಟ್ಟು, ಹುಟ್ಟು. ಆದ್ರ ಒಣಗಿ ಹುಟ್ಟು" ಅನ್ನುತ್ತಿದ್ದ ಅಪ್ಪ.

ಅಪ್ಪನ ಕಷ್ಟ ಇಷ್ಟೇ. ಪಟಾನ್‌ಚೆರು ದಾಟಿ ಒಳಗೆ ಹೋದರೆ ಒಂದು ಕಾಗದದ ಮಿಲ್ಲು. ಹಳೆ ಪೇಪರನ್ನು ಕರಗಿಸಿ ಹೊಸ ರಟ್ಟು ಮಾಡುವ ಜಾಗ. ಅವರು ನಮ್ಮ ಮಾಲನ್ನು ತೂಕದ ಮೇಲೆ ಕೊಳ್ಳುತ್ತಿದ್ದರು. ಕಾಗದ ಹಸಿ ಇದ್ದರೆ ತೂಕದಲ್ಲಿ ನೀರೂ ಕೂತಿರುತ್ತದೆ. ನೀರಿಗೆ ಕಾಗದದ ರೇಟು ಯಾರು ಕೊಡುತ್ತಾರೆ? ಮೇಲಾಗಿ ಹಸಿ ಬೇಲು ಒಳಗೊಳಗೇ ಬೂಷ್ಟು ಹಿಡಿದು, ಬಿಸಿಯಾಗಿ, ನಾರುತ್ತದೆ. ಅದಕ್ಕೇ ಮಿಲ್ಲಿನ ಬಾಗಿಲಲ್ಲಿ ಸತ್ತಯ್ಯ ಅನ್ನುವ ತೆಲುಗು ಮನುಷ್ಯ ಉದ್ದ ಕಂಬಿಯ ಮೀಟರು ಹಿಡಿದು ನಿಂತಿರುತ್ತಿದ್ದ. ಬೇಲಿನ ಹೊಟ್ಟೆಗೆ ಕಂಬಿ ಚುಚ್ಚಿದರೆ ಒಳಗೆ ಎಷ್ಟು ತೇವ ಇದೆ ಅಂತ ಮೀಟರಿನ ಮೇಲೆ ಕೆಂಪು ಅಂಕಿ ಬರುತ್ತಿತ್ತು. ಅಂಕಿ ಮಿಲ್ಲಿನವರು ಹೇಳಿದ ಗೆರೆ ದಾಟಿದರೆ ತೂಕದಲ್ಲಿ ಕಡಿತ, ಭಾಳ ದಾಟಿದರೆ ಲಾರಿ ವಾಪಸ್. ಸತ್ತಯ್ಯನ ಅನುಮಾನಕ್ಕೂ ಕಾರಣ ಇತ್ತು. ತೂಕ ಬರಲಿ ಅಂತ ಬೇಲಿಗೆ ಪೈಪು ಹಿಡಿದು ನೀರು ಕುಡಿಸುವವರು ನಮ್ಮ ದಂಧೆಯಲ್ಲಿ ಕಡಿಮೆಯೇನಿರಲಿಲ್ಲ. ಅಪ್ಪ ಮಾತ್ರ, "ನಾ ಪೇಪರ್ ಮಾರಾಂವ. ನೀರು ಮಾರೋದಿದ್ರ ಟ್ಯಾಂಕರ್ ಇಡ್ತಿದ್ದೆ" ಅನ್ನುತ್ತಿದ್ದ. ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದ ಅಂದರೆ, ಶಾಲೆಯಲ್ಲಿ ನಿಮ್ಮ ತಂದೆ ಏನು ಮಾಡುತ್ತಾರೆ ಅಂತ ಕೇಳಿದಾಗ ನಾನು ಎದ್ದು ನಿಂತು "ನೀರು ಮಾರಂಗಿಲ್ರಿ" ಅಂದುಬಿಟ್ಟಿದ್ದೆ.

ಹೀಗೆ ಇಡೀ ಮನೆ ಕಾಗದದ ಸೇವೆಗೆ ನಿಂತಿತ್ತು. ಸ್ನಾನ ಮಾಡಿ ಹಸಿ ತಲೆಯಲ್ಲಿ ಗೋಡೌನು ದಾಟುವಂತಿಲ್ಲ, ಸುತ್ತಿ ಹಿಂದಿನ ಗಲ್ಲಿಯಿಂದ ಹೋಗಬೇಕು. ಕಾಲು ಒರೆಸದೆ ಹೊಸ್ತಿಲು ದಾಟುವಂತಿಲ್ಲ. ಬೇಳೆ ಕುದಿಯುವಾಗ ನಡುವಿನ ಬಾಗಿಲು ಹಾಕಬೇಕು, ಹಬೆ ಮುಂದೆ ಹೋಗಬಾರದು. ಮಳೆಗಾಲದಲ್ಲಿ ಬಟ್ಟೆ ಒಣಹಾಕಲು ಹೇಳಿ ಮಾಡಿಸಿದಂಥ ಜಾಗ ಗೋಡೌನೇ ಆದರೂ ಅಲ್ಲಿ ಒಂದು ಕರವಸ್ತ್ರ ಹರವಿದರೂ ಅಪ್ಪನಿಗೆ ಗೊತ್ತಾಗುತ್ತಿತ್ತು. ನಾನು ಹಸಿ ಚಡ್ಡಿಯಲ್ಲೇ ಶಾಲೆಗೆ ಹೋಗಿ ಬೆಂಚಿನ ಮೇಲೆ ನನ್ನ ಗುರುತು ಬಿಟ್ಟು ಬರುತ್ತಿದ್ದೆ. ನಾಗರಪಂಚಮಿಗೆ ಕಡುಬು ಬೇಯಿಸುವ ವಿಷಯಕ್ಕೆ ಪ್ರತಿ ವರ್ಷ ಜಗಳ. ಹಬೆ ಇಲ್ಲದೆ ಕಡುಬಿಲ್ಲ, ಹಬೆ ಇದ್ದರೆ ಅಪ್ಪ ಇಲ್ಲ. ಒಂದು ವರ್ಷ ಅವ್ವ ಹಟಕ್ಕೆ ಬಿದ್ದು ಒಲೆಯನ್ನೇ ಹಿತ್ತಲಿಗೆ ಒಯ್ದಳು. ಸುರಿಯುವ ಮಳೆಯಲ್ಲಿ ಒಂದು ಕೈಯಲ್ಲಿ ಒಲೆಗೆ ಕೊಡೆ ಹಿಡಿದು, ಇನ್ನೊಂದು ಕೈಯಲ್ಲಿ ಕಡುಬಿನ ಪಾತ್ರೆ ತೆರೆದು, ತಾನು ತೊಯ್ದು ತೊಪ್ಪೆಯಾಗಿ ನಿಂತಿದ್ದಳು. ನೋಡಿದ ಅಪ್ಪನಿಗೆ ಪಾಪ ಅನಿಸಿರಬೇಕು. ಹತ್ತಿರ ಹೋಗಿ ಮೆಲ್ಲಗೆ, "ಒಳಗ ಬರೋಮುಂದ ಸೀರಿ ಹಿಂಡಿ ಬಾ" ಅಂದ.

ಇಡೀ ಮನೆಯಲ್ಲಿ ಒಣಗಿದ್ದದ್ದು ರದ್ದಿ ಒಂದೇ. ನನಗೆ ರದ್ದಿಯ ಮೇಲೆ ಹೊಟ್ಟೆಕಿಚ್ಚು. ಇದನ್ನು ಹೇಳಿದರೆ ಜನ ನಗುತ್ತಾರೆ, ನಗಲಿ. ಬೇರೆಯವರಿಗೆ ಪಕ್ಕದ ಮನೆಯ ಹುಡುಗನ ಸೈಕಲ್ಲಿನ ಮೇಲೆ ಕಿಚ್ಚು ಬರುತ್ತದೆ, ನನಗೆ ಯಾರೋ ಓದಿ ಬಿಸಾಕಿದ ಪೇಪರಿನ ಮೇಲೆ ಬಂತು. ರಾತ್ರಿ ಗುಡುಗಿದರೆ ಅಪ್ಪ ಎದ್ದು ಮೊದಲು ಹೋಗುತ್ತಿದ್ದದ್ದು ಬೇಲುಗಳ ಹತ್ತಿರ. ಒಂದೊಂದರ ಮೈಯನ್ನೂ ಮುಟ್ಟಿ, ಮಳೆಗೆ ಹೊದಿಸುವ ತಾಡಪತ್ರೆ ಎಳೆದು, ಅಂಚು ಒಳಗೆ ಸಿಗಿಸಿ ಬರುತ್ತಿದ್ದ. ನಾನು ಬೇಕಂತಲೇ ಚಾದರ ಒದ್ದು ಮಲಗಿರುತ್ತಿದ್ದೆ, ನನಗೂ ಹಾಗೆ ಹೊದಿಸಲಿ ಅಂತ. ಅಪ್ಪ ನನ್ನನ್ನು ದಾಟಿ ಹೋಗಿ ಮಲಗಿಬಿಡುತ್ತಿದ್ದ. ಬೆಳಿಗ್ಗೆ ಎದ್ದರೆ ನನಗೆ ನೆಗಡಿ.

ಕಾಗದದ ಮೇಲಿನ ಕಿಚ್ಚು ಹೇಗೋ ಹೊಟ್ಟೆಯಲ್ಲಿ ಹಿಡಿಸುತ್ತಿತ್ತು. ಆದರೆ ನನಗಿಂತ ಎರಡು ವರ್ಷಕ್ಕೆ ಚಿಕ್ಕವಳಾದ ತಂಗಿ ನೀಲಿಯೂ ಕಾಗದದ ಪಾರ್ಟಿ ಸೇರಿದ ಮೇಲೆ ನನ್ನ ಹೊಟ್ಟೆ ಸಾಲದಾಯಿತು. ಅದು ಆದದ್ದು ಹೀಗೆ. ವರ್ಷಗಟ್ಟಲೆ ತಂತಿ ತಿರುವಿ ತಿರುವಿ ಅಪ್ಪನ ಅಂಗೈ ದಪ್ಪವಾಗಿ ಹೋಗಿತ್ತು. ಬಿಸಿ ಹಂಚನ್ನು ಬರಿಗೈಯಲ್ಲಿ ಇಳಿಸುತ್ತಿದ್ದ. ಆ ಕೈಗೆ ಸಣ್ಣ ತೇವ ತಿಳಿಯುತ್ತಿರಲಿಲ್ಲ. ಮೀಟರು ಕೊಳ್ಳೋಣ ಅಂದರೆ ಅದು ಮಿಲ್ಲಿನವರ ಅಂತಸ್ತಿನ ವಸ್ತು. ಹೀಗಿರುವಾಗ ಒಂದು ಮಧ್ಯಾಹ್ನ, ಬೇಲಿನ ಮೇಲೆ ಮಲಗಿದ್ದ ನೀಲಿ ಎದ್ದು, ಚಾದರ ಎಳೆದುಕೊಂಡು ಪಕ್ಕದ ಬೇಲಿಗೆ ಹೋದಳು.

"ಯಾಕವ್ವ, ಅಲ್ಲಿ ಏನಾತು?" ಅಂದ ಅಪ್ಪ.

"ಅದು ಗಲ್ಲಕ್ಕ ತಣ್ಣಗ ಹತ್ತತೈತಿ. ಇದು ಬೆಚ್ಚಗ ಐತಿ."

ಅಪ್ಪ ಆ ಬೇಲಿನ ತಂತಿ ಕತ್ತರಿಸಿದ. ಮೇಲೆ ಎಲ್ಲ ಗರಿಗರಿ. ನಡುವೆ ಕೈಹಾಕಿ ಎಳೆದರೆ ಯಾವನೋ ಗಾಡಿಯವನು ಸೇರಿಸಿದ್ದ ತೊಯ್ದ ನೋಟುಬುಕ್ಕಿನ ಮುದ್ದೆ. ಅಪ್ಪ ಆ ಮುದ್ದೆಯನ್ನು ನೋಡಿದ, ನೀಲಿಯ ಗಲ್ಲ ನೋಡಿದ. ಆ ದಿನದಿಂದ ಅವಳ ಎಡಗಲ್ಲ ಅವಳದಾಗಿ ಉಳಿಯಲಿಲ್ಲ. ಲೋಡು ಹೋಗುವ ದಿನ ಬೆಳಿಗ್ಗೆ ಅಪ್ಪ "ನೋಡವ್ವ" ಅನ್ನುತ್ತಿದ್ದ. ಇವಳು ಕಣ್ಣು ಮುಚ್ಚಿ, ಬೇಲಿಗೆ ಗಲ್ಲ ಹಚ್ಚಿ, ದೊಡ್ಡ ಡಾಕ್ಟರಮ್ಮನ ಹಾಗೆ ಸ್ವಲ್ಪ ಹೊತ್ತು ನಿಂತು, "ನಡೀತೈತಿ" ಅಥವಾ "ತಣ್ಣಗ ಐತಿ" ಅನ್ನುತ್ತಿದ್ದಳು. ತಣ್ಣಗಿದ್ದದ್ದನ್ನು ಬಿಚ್ಚಿ ಹರವಿ ಒಣಗಿಸಬೇಕು. ಎಡಗಲ್ಲಕ್ಕೆ ಪೌಡರು ಹಚ್ಚಿದರೆ ತಿಳಿಯುವುದಿಲ್ಲ ಅಂತ ಅಪ್ಪ ಅವ್ವನಿಗೆ ತಾಕೀತು ಮಾಡಿದ್ದ. ಶಾಲೆಯ ಗ್ರೂಪ್ ಫೋಟೋದಲ್ಲಿ ನೀಲಿಯ ಬಲಗಲ್ಲ ಮಾತ್ರ ಬೆಳ್ಳಗಿದೆ. ಗಲ್ಲ ಹಚ್ಚಿದವಳೇ ಲೋಡಿಗೆ ಜವಾಬ್ದಾರಳು, ಅದಕ್ಕೆ ಮಿಲ್ಲಿಗೂ ಅವಳೇ. ಲಾರಿಯ ಮುಂದಿನ ಸೀಟಿನಲ್ಲಿ ಡ್ರೈವರಿಗೂ ಅಪ್ಪನಿಗೂ ನಡುವೆ ಕೂತು, ಗಾಜಿನಿಂದ ನನಗೆ ಕೈ ಬೀಸಿ ಹೋಗುತ್ತಿದ್ದಳು. ಶಾಲೆಗೆ ಚಕ್ಕರ್ ಬೇರೆ. ನನಗೆ ಲಾರಿ ಹೋದ ಮೇಲೆ ಗೋಡೌನು ಗುಡಿಸುವ ಕೆಲಸ.

ಆ ಸೀಟಿಗೆ ನಾನು ಪಟ್ಟ ಆಸೆಯನ್ನು ಪರೀಕ್ಷೆಗೆ ಪಟ್ಟಿದ್ದರೆ ಇವತ್ತು ಕಲೆಕ್ಟರಾಗಿರುತ್ತಿದ್ದೆ. ನನಗೂ ಎರಡು ಗಲ್ಲ ಇವೆಯಲ್ಲ, ಒಂದು ಚಾನ್ಸು ಕೊಡು ಅಂತ ಅಪ್ಪನ ಬೆನ್ನು ಹತ್ತಿದೆ. ಒಂದು ದಿನ ಕೊಟ್ಟ. ನಾನು ಓಡೋಡಿ ಬಂದು, ಬೆವರು ಸುರಿಯುವ ಮುಖವನ್ನು ಬೇಲಿಗೆ ಒತ್ತಿ, ಕಣ್ಣು ಮುಚ್ಚಿ, ನೀಲಿಗಿಂತ ದುಪ್ಪಟ್ಟು ಹೊತ್ತು ನಿಂತು, "ಹಸಿ ಐತಿ" ಅಂದೆ. ಮುಂದಿನದ್ದಕ್ಕೂ ಹಸಿ ಅಂದೆ. ಅದರ ಮುಂದಿನದ್ದಕ್ಕೂ.

"ಎಲ್ಲಾ ಹಸೀನ? ನೋಡಾಣ ಸರಿ" ಅಂತ ಅಪ್ಪ ಬಂದು ನೋಡಿದ. ಒಂದೊಂದು ಬೇಲಿನ ಮೇಲೂ ನನ್ನ ಮುಖದ ಗುಂಡನೆಯ ಒದ್ದೆ ಮುದ್ರೆ. "ಲೇ ಮಲ್ಲ್ಯಾ, ಬೇಲ್ ಹಸಿ ಇಲ್ಲೋ. ನೀ ಹಸಿ ಅದಿ. ದೂರ ನಿಂದ್ರು. ಬಾಯಿ ತೆರದು ಮಾತಾಡಬ್ಯಾಡ, ನಿನ್ನ ಉಗುಳಿಗೇ ಅರ್ಧ ಲೋಡ್ ವಾಪಸ್ ಬರ್ತೈತಿ."

ನೀಲಿ ಬಾಯಿಗೆ ಲಂಗ ಅಡ್ಡ ಹಿಡಿದು ನಗುತ್ತಿದ್ದಳು. ಅವಳು ತಪ್ಪಿದ್ದೇ ಇಲ್ಲ ಅಂತಲ್ಲ. ಒಮ್ಮೆ ನೆಗಡಿಯಲ್ಲಿ ಅವಳಿಗೆ ಎಲ್ಲ ತಣ್ಣಗೇ ಅನಿಸಿ, ಒಣಗಿದ್ದ ಮಾಲನ್ನೆಲ್ಲ ಬಿಚ್ಚಿಸಿದ್ದಳು. ಆಗ ಅಪ್ಪ, "ಹವಾನೇ ಹಂಗೈತಿ, ಅಕಿ ಏನ್ ಮಾಡ್ತಾಳ" ಅಂದ. ನೋಡಿ, ಅವಳು ತಪ್ಪಿದರೆ ಹವಾದ ತಪ್ಪು, ನಾನು ತಪ್ಪಿದರೆ ನಾನು ಹುಟ್ಟಿದ್ದೇ ತಪ್ಪು.

ಆ ವರ್ಷದ ಮಳೆ ಹಿಡಿದದ್ದು ಬಿಡಲೇ ಇಲ್ಲ. ಗೋಡೆಯೇ ಬೆವರುತ್ತಿತ್ತು. ಮಿಲ್ಲಿನಿಂದ ಒಂದು ಲೋಡು ವಾಪಸ್ ಬಂತು. ನೀಲಿಯ ಗಲ್ಲ ಸರಿಯಾಗೇ ಹೇಳಿತ್ತು, ಆದರೆ ದಾರಿಯಲ್ಲಿ ತಾಡಪತ್ರೆ ಹರಿದು ಮಳೆ ಒಳಗೆ ಹೊಕ್ಕಿತ್ತು. ಸತ್ತಯ್ಯ ಕಾರಣ ಕೇಳುವವನಲ್ಲ, ಕಂಬಿ ಚುಚ್ಚುವವನು. ಇನ್ನೊಂದು ಲೋಡು ಹಸಿ ಬಂದರೆ ಈ ಮಳೆಗಾಲ ಮುಗಿಯುವವರೆಗೆ ನಮ್ಮ ಮಾಲು ಬೇಡ ಅಂತ ಮಿಲ್ಲಿನವರು ಹೇಳಿ ಕಳಿಸಿದರು. ಅಂದರೆ ದಸರೆಯವರೆಗೆ ಗೋಡೌನು ತುಂಬಿಯೇ ಇರಬೇಕು, ಗಾಡಿಯವರು ಬೇರೆ ಗೋಡೌನಿಗೆ ಹೋಗುತ್ತಾರೆ, ಅಪ್ಪ ಮತ್ತೆ ಸಿಮೆಂಟು ಹೊರಬೇಕು. ಊಟದಲ್ಲಿ ಅಪ್ಪ ರೊಟ್ಟಿ ಮುರಿದು ಹಾಗೇ ಕೈಯಲ್ಲಿ ಹಿಡಿದು ಕೂತಿರುತ್ತಿದ್ದ. ನಮ್ಮ ಕೋಣೆಯಲ್ಲಿದ್ದ ಒಂದೇ ಒಂದು ಟೇಬಲ್ ಫ್ಯಾನನ್ನೂ ತೆಗೆದು ಬೇಲುಗಳ ಮುಂದೆ ಇಟ್ಟ. ನಾವು ಸೊಳ್ಳೆ ಹೊಡೆಯುತ್ತ ಮಲಗಿದರೆ, ಫ್ಯಾನು ಬೇಲುಗಳ ಮುಂದೆ ಆ ಕಡೆ ಈ ಕಡೆ ತಲೆ ತಿರುಗಿಸುತ್ತ ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಿತ್ತು. ಮುಂದಿನ ಲೋಡಿಗೆ ಸೋಮವಾರ ಲಾರಿ ಬರುವುದೆಂದು ಗೊತ್ತಾಯಿತು. ನೀಲಿ ಗಲ್ಲ ಹಚ್ಚಿ, ಬಾಗಿಲ ಕಡೆಯವು ನಡೆಯುತ್ತವೆ, ಗೋಡೆ ಕಡೆಯ ಸಾಲು ತಣ್ಣಗಿದೆ ಅಂದಳು.

ಈಗ ನನ್ನ ವಿಜ್ಞಾನ ಬರುತ್ತದೆ. ಆ ವಾರ ಪಕ್ಕದ ಮನೆಯ ಅಕ್ಕನ ಮೊಬೈಲು ನೀರಿನ ಬಕೀಟಿಗೆ ಬಿದ್ದಿತ್ತು. ಅವರು ಅದನ್ನು ಅಕ್ಕಿಯ ಡಬ್ಬದಲ್ಲಿ ಹೂತಿಟ್ಟರು. ಅಕ್ಕಿ ನೀರು ಎಳೆಯುತ್ತದಂತೆ. ಮೊಬೈಲು ಬದುಕಿತು. ನನ್ನ ತಲೆ ಓಡಿತು. ನಮ್ಮ ಅವ್ವ ಉಪ್ಪಿನ ಡಬ್ಬದಲ್ಲಿ ನಾಲ್ಕು ಕಾಳು ಅಕ್ಕಿ ಹಾಕಿಡುತ್ತಾಳೆ. ಆದರೂ ಮಳೆಗಾಲದಲ್ಲಿ ಉಪ್ಪು ನೀರು ಬಿಡುತ್ತದೆ. ಅಂದರೆ ಏನಾಯಿತು? ಅಕ್ಕಿಗಿಂತ ಉಪ್ಪಿಗೆ ನೀರಡಿಕೆ ಜಾಸ್ತಿ! ಅಕ್ಕಿ ಮೊಬೈಲು ಒಣಗಿಸುವುದಾದರೆ ಉಪ್ಪು ಹುಸೇನ್ ಸಾಗರವನ್ನೇ ಒಣಗಿಸಬೇಕು. ಇಷ್ಟು ವರ್ಷ ಯಾರಿಗೂ ಹೊಳೆಯದ್ದು ನನಗೆ ಹೊಳೆದದ್ದಕ್ಕೆ ನನಗೇ ಅಳು ಬಂತು.

ಭಾನುವಾರ ಮಧ್ಯಾಹ್ನ ಅಪ್ಪ ಹೊಸ ತಾಡಪತ್ರೆ ತರಲು ಹೋದ. ಅವ್ವ ನೀಲಿಯನ್ನು ಕರೆದುಕೊಂಡು ನಿಂಬೆಹಣ್ಣಿಗೆ ಸಂತೆಗೆ ಹೋದಳು. ನಾನು ಉಪ್ಪಿನ ಮೂಟೆ ಬಿಚ್ಚಿದೆ. ಗೋಡೆ ಸಾಲಿನ ಬೇಲುಗಳ ಮಡಿಕೆ ಮಡಿಕೆಗಳಲ್ಲಿ ಬೆರಳು ತೂರಿಸಿ ಉಪ್ಪು ತುಂಬಿದೆ. ಮೇಲೆ ಸುರಿದೆ, ಪಕ್ಕಕ್ಕೆ ಉಜ್ಜಿದೆ, ತಂತಿಯ ಸಂದಿಗೆ ಒತ್ತಿದೆ. ಬದನೆಕಾಯಿ ಎಣಗಾಯಿಗೆ ಮಸಾಲೆ ತುಂಬಿದಷ್ಟು ಶ್ರದ್ಧೆಯಿಂದ ತುಂಬಿದೆ. ಅಲ್ಲಿಗೇ ನಿಲ್ಲಿಸಿದ್ದರೆ ನಾನು ನಾನಾಗಿರುತ್ತಿರಲಿಲ್ಲ. ಮೂಟೆಯಲ್ಲಿ ಇನ್ನೂ ಉಪ್ಪು ಇತ್ತು. ನೀಲಿ ಪಾಸು ಮಾಡಿದ ಬೇಲುಗಳು ಬಾಗಿಲ ಹತ್ತಿರ ಸೊಕ್ಕಿನಿಂದ ನಿಂತಿದ್ದವು. ಅವಳು 'ನಡೀತೈತಿ' ಅಂದದ್ದನ್ನು ನಾನು 'ಓಡತೈತಿ' ಅನ್ನುವಂತೆ ಮಾಡುತ್ತೇನೆ ಅಂತ ಅವುಗಳಲ್ಲೂ ಎದುರು ಸಾಲಿಗೆ ತುಂಬಿದೆ. ಮೇಲೆ ತಾಡಪತ್ರೆ ಹೊದಿಸಿ, ಕೈ ನೆಕ್ಕಿಕೊಂಡು, ನಾಳೆಗೆಂದು ನನ್ನ ಹಬ್ಬದ ಅಂಗಿಯನ್ನು ಚಾಪೆಯ ಕೆಳಗೆ ಇಟ್ಟು ಇಸ್ತ್ರಿ ಮಾಡಿದೆ.

ಬೆಳಿಗ್ಗೆ ತಲೆಗೆ ಎಣ್ಣೆ, ಮೈಮೇಲೆ ಹಬ್ಬದ ಅಂಗಿ. ಲಾರಿ ಬಂದು ಹಾರ್ನು ಹೊಡೆಯುತ್ತಿತ್ತು. ನಾನು ಗೋಡೌನಿನ ನಡುವೆ ನಿಂತು ಘೋಷಣೆ ಮಾಡಿದೆ.

"ಅಪ್ಪಾ, ಇವತ್ತು ನೀಲಿ ಬ್ಯಾಡ. ಎಲ್ಲಾ ಒಣಗ್ಯಾವ. ಗೋಡಿ ಸಾಲು ಸೈತ. ಮುಂದಿನ ಸೀಟಿನ್ಯಾಗ ನಾ ಕುಂದ್ರತೀನಿ."

ಅಪ್ಪ ತಾಡಪತ್ರೆ ಎಳೆದ. ರಾತ್ರಿಯೆಲ್ಲ ಮಳೆಗಾಲದ ಹವೆಯಲ್ಲಿದ್ದ ನೀರನ್ನು ನನ್ನ ಉಪ್ಪು ಬಾಯಿ ತೆರೆದು ಕುಡಿದಿತ್ತು. ಕುಡಿದದ್ದನ್ನು ಒಂದು ಹನಿಯೂ ಉಳಿಸಿಕೊಳ್ಳದೆ ಕಾಗದಕ್ಕೆ ದಾನ ಮಾಡಿತ್ತು. ಬೇಲುಗಳ ಮೈಮೇಲೆ ಕಪ್ಪನೆಯ ಒದ್ದೆ ಗೆರೆಗಳು ಇಳಿದಿದ್ದವು. ಒಂದರ ಮೂಲೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಅಪ್ಪ ಮೊದಲು ಮಾಳಿಗೆ ನೋಡಿದ. ಮಾಳಿಗೆ ಒಣಗಿತ್ತು. ಗೋಡೆ ನೋಡಿದ. ಆಮೇಲೆ ಮೆಲ್ಲಗೆ, ಯಾರಿಗೋ ಜ್ವರ ಬಂದಂತೆ, "ನೋಡವ್ವ" ಅಂದ.

ನೀಲಿ ಗಲ್ಲ ಹಚ್ಚಿದವಳು ಚಟ್ಟನೆ ತೆಗೆದಳು. ಗಲ್ಲ ಮುಟ್ಟಿಕೊಂಡಳು. ಬೆರಳನ್ನು ನಾಲಿಗೆಗೆ ಇಟ್ಟಳು.

"ಅಪ್ಪಾ, ಇದು ಉಪ್ಪುಪ್ಪು ಐತಿ."

ಒಳಗಿನಿಂದ ಅದೇ ಹೊತ್ತಿಗೆ ಅವ್ವನ ದನಿ ಬಂತು: "ಏನ್ರಿ, ನನ್ನ ಉಪ್ಪಿನ ಮೂಟಿ ಎಲ್ಲಿ?"

ಎಲ್ಲರೂ ನನ್ನ ಕಡೆ ತಿರುಗಿದರು. ಲಾರಿಯ ಡ್ರೈವರೂ ತಲೆ ಹೊರಹಾಕಿ ತಿರುಗಿದ. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ತಿರುಗಿದ. ನಾನು ಅಕ್ಕಿಯ ವಿಷಯ, ಮೊಬೈಲಿನ ವಿಷಯ, ಉಪ್ಪಿನ ನೀರಡಿಕೆಯ ವಿಷಯ ಒಂದೇ ಉಸಿರಿನಲ್ಲಿ ಹೇಳಿದೆ. ಅಪ್ಪ ಕೇಳಿದ. ಕೈ ಎತ್ತಿದ. ಹೊಡೆಯಲಿಲ್ಲ. ಕೈಯಲ್ಲಿ ತಂತಿ ಕತ್ತರಿಸುವ ಇಕ್ಕಳ ಇತ್ತು, ಅದನ್ನು ಕೆಳಗಿಟ್ಟು ಹೊಡೆಯಲು ಟೈಮಿರಲಿಲ್ಲ. ಉಪ್ಪು ಮುಟ್ಟದ ಬೇಲುಗಳನ್ನು ಬೇರೆ ಮಾಡಿಸಿ, ನೀಲಿಯಿಂದ ಮತ್ತೊಮ್ಮೆ ನೋಡಿಸಿ ಲಾರಿಗೆ ಏರಿಸಿದ. ಅರ್ಧ ಲೋಡೂ ಆಗಲಿಲ್ಲ. ನೀಲಿ ಎಂದಿನಂತೆ ಲಾರಿಯ ಮೆಟ್ಟಿಲ ಮೇಲೆ ಕಾಲಿಟ್ಟಳು.

"ನೀ ಇಳಿಯವ್ವ" ಅಂದ ಅಪ್ಪ. ನನ್ನ ಕಿವಿ ಹಿಡಿದ. "ಹತ್ತಲೇ ನೀನು. ಅರ್ಧಾ ಲೋಡ್ ಯಾಕ ತಂದೀವಂತ ಸತ್ತಯ್ಯಗ ನೀನ ಹೇಳು."

ಹೀಗೆ ನಾನು ಜನ್ಮದಲ್ಲಿ ಮೊದಲ ಸಲ ಮುಂದಿನ ಸೀಟಿನಲ್ಲಿ ಕೂತೆ. ಕಿವಿ ಇನ್ನೂ ಅಪ್ಪನ ಕೈಯಲ್ಲೇ ಇತ್ತು, ಆದರೂ ಕೂತೆ. ಗಾಜಿನಿಂದ ನೀಲಿಗೆ ಕೈ ಬೀಸಿದೆ. ಅವಳು ಬೀಸಲಿಲ್ಲ. ದಾರಿಯುದ್ದಕ್ಕೂ ಅಪ್ಪ ಬೈದ. ಕನ್ನಡದಲ್ಲಿ ಬೈದ, ಡ್ರೈವರಿಗೂ ತಿಳಿಯಲೆಂದು ನಡುನಡುವೆ ಹಿಂದಿಯಲ್ಲಿ ಬೈದ. ಬೈಯುತ್ತ ಬೈಯುತ್ತ, ತಾನೂ ಚಿಕ್ಕವನಿದ್ದಾಗ ಎಮ್ಮೆಗೆ ಚಳಿಯಾಗುತ್ತದೆಂದು ರಾತ್ರಿ ಕಂದೀಲು ಹಿಡಿದು ಕಂಬಳಿ ಹೊದಿಸಲು ಹೋಗಿ ಕೊಟ್ಟಿಗೆಗೆ ಬೆಂಕಿ ಹಚ್ಚಿದ್ದನ್ನು ಹೇಳಿದ. "ನನ್ನ ತಲೀನ ಬಂದೈತಿ ನಿನಗ, ಯಾರಿಗಂತ ಬೈಲಿ?" ಅಂದು ಮತ್ತೆ ನನಗೇ ಬೈದ. ಪಟಾನ್‌ಚೆರು ಬರುವಷ್ಟರಲ್ಲಿ ಡ್ರೈವರು ನಕ್ಕು ನಕ್ಕು ಎರಡು ಸಲ ಗೇರು ತಪ್ಪಿಸಿದ್ದ.

ಮಿಲ್ಲಿನ ಶೆಡ್ಡಿನ ಮುಂದೆ ಲಾರಿ ನಿಂತಾಗ ಅಪ್ಪ ನನ್ನ ಕಿವಿ ಬಿಟ್ಟ. ಕೆಸರಿನ ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಒಳಗೆ ಹೋದ. ಸತ್ತಯ್ಯ ಸಣ್ಣ ಆಳು, ಕಿವಿಯಲ್ಲಿ ಬೀಡಿ, ಕೈಯಲ್ಲಿ ಆ ಕಂಬಿ. ಮನೆಯಲ್ಲಿ ನಾವು ಅಲುಗಾಡಿದರೆ ಗದರುವ ಅಪ್ಪ ಅಲ್ಲಿ ತಾನೇ ಅಲುಗಾಡದೆ ನಿಂತಿದ್ದ. ಕಂಬಿ ಬೇಲಿನೊಳಗೆ ಇಳಿದಾಗ ಅವನ ಹೊಟ್ಟೆ ಒಳಗೆ ಹೋಯಿತು. ಅಂಕಿ ನಿಲ್ಲುವವರೆಗೆ ಉಸಿರು ಬಿಡಲಿಲ್ಲ.

"ಸಗಮೇನಾ? ತಕ್ಕಿದ್ದು ಎಲ್ಲಿ?" ಅರ್ಧ ತೆಲುಗು, ಅರ್ಧ ಅವನೇ ಕನ್ನಡ ಅಂದುಕೊಂಡಿದ್ದ ಒಂದು ಭಾಷೆಯಲ್ಲಿ ಕೇಳಿದ ಸತ್ತಯ್ಯ. ಅರ್ಧವೇನಾ, ಮಿಕ್ಕಿದ್ದೆಲ್ಲಿ ಅಂತ.

ಅಪ್ಪ ನನ್ನ ಬೆನ್ನಿಗೆ ತಿವಿದ. ನಾನು ಹಬ್ಬದ ಅಂಗಿಯಲ್ಲಿ ನಿಂತು, ಶಾಲೆಯ ತೆಲುಗಿನಲ್ಲಿ ಎಲ್ಲ ಹೇಳಿದೆ. ಉಪ್ಪು ಎರಡೂ ಭಾಷೆಯಲ್ಲಿ ಉಪ್ಪೇ ಆದ್ದರಿಂದ ಮರ್ಯಾದೆ ಉಳಿಸಿಕೊಳ್ಳಲು ದಾರಿ ಇರಲಿಲ್ಲ. ಸತ್ತಯ್ಯ ಕಂಬಿಯನ್ನು ನೆಲಕ್ಕೆ ಊರಿ, ಅದರ ಮೇಲೆ ಭಾರ ಹಾಕಿ ನಕ್ಕ. ಒಳಗಿನಿಂದ ಇನ್ನೂ ನಾಲ್ಕು ಜನರನ್ನು ಕರೆದು ನನ್ನಿಂದ ಮತ್ತೊಮ್ಮೆ ಹೇಳಿಸಿದ. "ತೂಕ ಬರಲಿ ಅಂತ ನೀರು ಹಾಕೋರನ್ನ ನೋಡಿದೀನಿ, ಮಣ್ಣು ಹಾಕೋರನ್ನ ನೋಡಿದೀನಿ. ನೀರು ತೆಗೆಯೋಕೆ ಹೋದವನನ್ನ ಇವತ್ತೇ ನೋಡಿದ್ದು" ಅಂತ ತೆಲುಗಿನಲ್ಲಿ ಅಂದು, ಉಳಿದ ಬೇಲುಗಳಿಗೂ ಒಂದೊಂದಾಗಿ ಕಂಬಿ ಚುಚ್ಚಿದ. ನಕ್ಕ ಅಂತ ಒಂದನ್ನೂ ಬಿಡಲಿಲ್ಲ. ಕೊನೆಯ ಬೇಲಿನ ಅಂಕಿ ನೋಡಿ, "ಚೆಮ್ಮ ಲೇದು" ಅಂದ. ತೇವ ಇಲ್ಲ. ಉಪ್ಪಿನ ಮಾಲು ಮಾತ್ರ ಈ ಗೇಟಿನೊಳಗೆ ತರಬೇಡ, ಮಿಷಿನ್ನಿಗೆ ತುಕ್ಕು ಹಿಡಿಯುತ್ತದೆ ಅಂತ ಅಪ್ಪನಿಗೆ ಎಚ್ಚರಿಕೆ ಕೊಟ್ಟ. ಅಪ್ಪ ಆಗ ಉಸಿರು ಬಿಟ್ಟ. ಮಿಲ್ಲಿನ ಬಾಗಿಲು ನಮಗೆ ಮುಚ್ಚಲಿಲ್ಲ. ದಸರೆಯವರೆಗೆ ಸಿಮೆಂಟು ಹೊರಬೇಕಿರಲಿಲ್ಲ.

ಎರಡು ದಿನ ಬಿಟ್ಟು ಬಿಸಿಲು ಬಂತು. ಉಪ್ಪು ಹತ್ತಿದ ಬೇಲುಗಳನ್ನೆಲ್ಲ ಬಿಚ್ಚಿ ಮಾಳಿಗೆಯ ಮೇಲೆ ಹರವಿ, ಉಪ್ಪು ಹಿಡಿದ ಹಾಳೆಗಳನ್ನು ಬೇರೆ ಮಾಡಿ ಬಿಸಾಕುವ ಶಿಕ್ಷೆ ನನಗೆ. ಜೊತೆಗೆ ನೀಲಿ. ಅವಳಿಗೇಕೆ ಶಿಕ್ಷೆ ಅಂತ ನಾನು ಕೇಳಲಿಲ್ಲ, ಕೇಳಿದರೆ ಅವಳು ಇಳಿದು ಹೋದಾಳು ಅಂತ. ಲೋಡು ಇಲ್ಲದ ದಿನವಾದ್ದರಿಂದ ಅವ್ವ ಅವಳಿಗೆ ಎರಡೂ ಗಲ್ಲಕ್ಕೆ ಪೌಡರು ಹಚ್ಚಿದ್ದಳು. ನಾನು ಹಾಳೆ ಕೊಡವುತ್ತ ನನ್ನ ಯಾತ್ರೆಯ ವರ್ಣನೆ ಶುರು ಮಾಡಿದೆ. ಮುಂದಿನ ಸೀಟಿನಿಂದ ಕಾಣುವ ರೋಡು, ಗೇರಿನ ಗುಂಡಿ ನನ್ನ ಮೊಣಕಾಲಿಗೆ ತಾಗುತ್ತಿದ್ದದ್ದು, ಸತ್ತಯ್ಯ ನನ್ನ ಮಾತು ಕೇಳಲು ನಾಲ್ಕು ಜನರನ್ನು ಕರೆಸಿದ್ದು. ಅವಳಿಗೆ ಉರಿಯಲಿ ಅಂತಲೇ ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಸೇರಿಸಿ ಹೇಳಿದೆ. ಅವಳು ಹಾಳೆಯ ಮಡಿಕೆ ಬಿಡಿಸುತ್ತ ಕೇಳುತ್ತಿದ್ದಳು.

"ದಾರ್ಯಾಗ ಅಪ್ಪ ಮಾತಾಡಿದ್ನಾ?" ಅಂದಳು.

"ಮಾತಾ? ಇಲ್ಲಿಂದ ಹಿಡದು ಮಿಲ್ಲಿನ ತನಕಾ ಬೈದ. ಎಮ್ಮಿಗಿ ಕಂಬಳಿ ಹೊಚ್ಚಾಕ ಹೋಗಿ ಕೊಟ್ಟಿಗಿ ಸುಟ್ಟಾನಂತ ಸಣ್ಣಾಂವ ಇದ್ದಾಗ. ನಿನಗ ಹೇಳಿಲ್ಲೇನು?"

ನೀಲಿ ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಕೈಯಲ್ಲಿದ್ದ ಹಾಳೆ ಕೊಡವಿದಳು. ಬಿಸಿಲಿಗೆ ಉಪ್ಪಿನ ಹರಳು ಮಿಣಮಿಣ ಹಾರಿ ಅವಳ ಪೌಡರಿನ ಗಲ್ಲಕ್ಕೆ ಅಂಟಿದವು.

"ನನ್ನ ಜೋಡಿ ಒಂದ್ ಮಾತೂ ಆಡಂಗಿಲ್ಲ ಅಣ್ಣಾ. ದಾರಿ ತುಂಬ ಹಿಂದ ತಿರುಗಿ ಬೇಲ್ ನೋಡಕೋತ ಕುಂತಿರ್ತಾನ. 'ನೋಡವ್ವ' ಅಂತಾನಲ್ಲ, ಆವಾಗೂ ನನ್ನ ಮಾರಿ ನೋಡಂಗಿಲ್ಲ, ಬೇಲೇ ನೋಡ್ತಾನ." ಕೆಳಗೆ ಬಿದ್ದಿದ್ದ ಉಪ್ಪನ್ನು ಕೈಯಲ್ಲಿ ಗುಡ್ಡೆ ಮಾಡಿದಳು. "ಮುಂದಿನ ಸಲ ಹಿಂಗೇನಾರ ಮಾಡೋದಿದ್ರ ಎಲ್ಲಾ ನೀನ ಹಾಕಬ್ಯಾಡ. ನನಗೂ ಒಂದ್ ಹಿಡಿ ಉಪ್ಪು ಉಳಸು."